ಇಬ್ಬರಿಗೊಂದು ಸೆಟ್ಟು

ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿ ಅವರ ಊರು ಎಂದರೆ ಜಕ್ಕಲಿಯ ಗುರುತು ಹೇಳಿದಂತಾಯಿತು. ಇಲ್ಲಿಯದು ಎರೆ ಭೂಮಿ. ಹೆಸರು, ಕಡಲೆ ಕೈಗೆ ಹತ್ತಿದ ವರ್ಷ ಮಕ್ಕಳ ಓದು ಸಲೀಸು. ಎಂಜಿನಿಯರಿಂಗ್ ಸೇರುವವರು ಗದಗಿನ ತೋಂಟದಾರ್ಯ ಕಾಲೇಜಿಗೋ ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜಿಗೋ ಹೋಗಬಹುದು. ಫೀ, ಬಸ್ ಪಾಸು, ರೂಮಿನ ಬಾಡಿಗೆ ಎಲ್ಲ ಮುಗಿದ ಮೇಲೆ ಪುಸ್ತಕದ ಪಾಳಿ. ಅಷ್ಟೊತ್ತಿಗೆ ಕಿಸೆ ಖಾಲಿ.

ಈ ಕೊರತೆ ನೀಗಲೆಂದೇ ಹುಟ್ಟಿದ್ದು ಬುಕ್ ಬ್ಯಾಂಕ್. ಪರಿಶಿಷ್ಟ ಜಾತಿ, ಪಂಗಡಗಳ ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 1978–79ರಲ್ಲಿ ಇದನ್ನು ಶುರು ಮಾಡಿತು. ಪಾಲಿಟೆಕ್ನಿಕ್, ಕೃಷಿ, ಕಾನೂನು ಓದುವವರು ಆಮೇಲೆ ಸೇರಿದರು. ನಿಯಮ ಸರಳವಾಗಿತ್ತು: ಇಬ್ಬರಿಗೊಂದು ಸೆಟ್ಟು. ವೈದ್ಯಕೀಯ, ಎಂಜಿನಿಯರಿಂಗ್ ಪದವಿಯವರ ಸೆಟ್ಟಿಗೆ 7,500 ರೂಪಾಯಿ, ಪಾಲಿಟೆಕ್ನಿಕ್‌ನವರಿಗೆ 2,400 ಎಂದಿತ್ತು. ಪುಸ್ತಕದ ಆಯುಷ್ಯ ಮೂರು ವರ್ಷ ಎಂದೂ ಬರೆದಿಟ್ಟಿದ್ದರು. ಇಡಲು ಉಕ್ಕಿನ ಕಪಾಟಿಗೆ 2,000 ರೂಪಾಯಿ ಬೇರೆ. ಉಳಿದ ಮಕ್ಕಳಿಗೂ ಠೇವಣಿ ಇಟ್ಟುಕೊಂಡು ಸೆಮಿಸ್ಟರ್ ಮುಗಿಯುವವರೆಗೆ ಪುಸ್ತಕ ಕೊಡುವ ಕಾಲೇಜುಗಳಿವೆ.

ಆದರೆ ಗ್ರೇವಾಲರ ‘ಹೈಯರ್ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’ ಸಾವಿರ ಪುಟ ಮೀರಿದ ಇಟ್ಟಿಗೆ. ಒಬ್ಬ ಹಾಸ್ಟೆಲ್ಲಿನಲ್ಲಿ, ಇನ್ನೊಬ್ಬ ದಿನಾ ಬಸ್ಸಿಗೆ ಬಂದು ಹೋಗುವವ. ಪುಸ್ತಕ ಯಾರ ಬಳಿ ಇರಬೇಕು? ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ ದಿನ.

ಅದಕ್ಕಿಂತ ದೊಡ್ಡ ತೊಡಕು ಸ್ಕೀಮು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಹುಡುಗರು ಹೇಳುವುದೇ ‘2015 ಸ್ಕೀಮ್’, ‘2018 ಸ್ಕೀಮ್’, ‘2022 ಸ್ಕೀಮ್’ ಎಂದು. ಸ್ಕೀಮು ಬದಲಾದರೆ ಹೊಲಿಗೆ ಬಿಚ್ಚದ ಪುಸ್ತಕವೂ ಕಪಾಟಿನಲ್ಲೇ ಕೂರುತ್ತದೆ. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವೇನೂ ಬದಲಾಗಿರುವುದಿಲ್ಲ. ಬದಲಾಗಿರುವುದು ಮಾಡ್ಯೂಲಿನ ಸಂಖ್ಯೆ, ಹೆಚ್ಚೆಂದರೆ ಒಂದೆರಡು ಅಧ್ಯಾಯ. ಮೇಷ್ಟ್ರು ಹಳೆಯ ಪುಸ್ತಕದಲ್ಲಿ ಯಾವ ಪುಟ ಓದಬೇಕೆಂದು ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೂ ಅರ್ಧ ಕಪಾಟು ಉಳಿದೀತು.

ಅಗ್ಗದ ಪುಸ್ತಕ ನಮಗೆ ಹೊಸದಲ್ಲ. ಬ್ರಿಟಿಷ್ ಸರ್ಕಾರದ ನೆರವಿನ ಇಎಲ್‌ಬಿಎಸ್ ಆವೃತ್ತಿಗಳು 1960ರ ದಶಕದಿಂದ ನಮ್ಮ ಲೈಬ್ರರಿಗಳಿಗೆ ಬಂದವು. ಮಾಸ್ಕೋದ ಮೀರ್ ಪ್ರಕಾಶನದ ಗಟ್ಟಿ ರಟ್ಟಿನ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದವು. ಈರೊಡೊವ್‌ನ ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸಿದವರು ಈಗಲೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು, ಇಎಲ್‌ಬಿಎಸ್ ಆ ದಶಕದಲ್ಲೇ ನಿಂತಿತು. ಎರಡೂ ಪರದೇಶದ ದುಡ್ಡು, ಅವರ ಲೆಕ್ಕಾಚಾರ ಮುಗಿದಾಗ ಮುಗಿಯಿತು.

ಆ ಜಾಗ ತುಂಬಿದ್ದು ಝೆರಾಕ್ಸ್ ಅಂಗಡಿ. ದೆಹಲಿ ವಿಶ್ವವಿದ್ಯಾಲಯದ ಆವರಣದ ಇಂಥದೊಂದು ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರೇ ದಾವೆ ಹೂಡಿದ್ದರು. ಪಾಠಕ್ಕೆ ಬೇಕಾದ ಭಾಗಗಳ ಪ್ರತಿ ತೆಗೆದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಹೈಕೋರ್ಟ್ 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆ ಹಿಂಪಡೆದರು. ಇಡೀ ಪುಸ್ತಕ ನಕಲಿಸಲು ಅದು ಪರವಾನಗಿಯಲ್ಲ ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಈಗ ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಪಠ್ಯಗಳು ಕನ್ನಡದಲ್ಲೂ ಪುಕ್ಕಟೆ ಸಿಗುತ್ತವೆ. ಮೊಬೈಲಿನ ಅಂಗೈಯಗಲ ಪರದೆಯಲ್ಲಿ ಸರ್ಕ್ಯೂಟಿನ ಚಿತ್ರ ಹಿಗ್ಗಿಸಿದರೆ ಪಕ್ಕದ ಸಮೀಕರಣ ಕಾಣೆಯಾಗುತ್ತದೆ. ಕಾಗದದ ಮೇಲೆ ಬೇಕೆಂದರೆ ಪುಟಕ್ಕಿಷ್ಟೆಂದು ಎಣಿಸಿ, ಸ್ಪೈರಲ್ ಬೈಂಡಿಂಗಿನ ಕಾಸೂ ಸೇರಿಸಿ, ಮತ್ತದೇ ಝೆರಾಕ್ಸ್ ಅಂಗಡಿಗೆ ಕೊಡಬೇಕು.