ಮಿದುಳಿನ ಸೀಟಿಗೆ ಟವೆಲ್ ಹಾಕುವ ಮಾತ್ರೆ

ಸಂತೇಬೆನ್ನೂರಿನಲ್ಲಿ ಸಂತೆಯ ದಿನ ದಾವಣಗೆರೆ ಬಸ್ಸು ಬಂದು ನಿಂತಿತೆಂದರೆ ಬಾಗಿಲಿನತ್ತ ಹೋಗುವವರಿಗಿಂತ ಕಿಟಕಿಯತ್ತ ಓಡುವವರೇ ಹೆಚ್ಚು. ಒಳಗೊಂದು ಟವೆಲ್ ಬಿತ್ತೋ, ಸೀಟು ಸಿಕ್ಕಂತೆ. ಟವೆಲ್ಲೇನೂ ಪ್ರಯಾಣ ಮಾಡುವುದಿಲ್ಲ. ಇನ್ನೊಬ್ಬರು ಕೂರದಂತೆ ತಡೆಯುತ್ತದೆ, ಅಷ್ಟೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕೊಡುವ ಹಲವು ಮಾತ್ರೆಗಳು ಮಿದುಳಿನಲ್ಲಿ ಮಾಡುವ ಕೆಲಸವೂ ಇದೇ.

ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ಅದು ಹೋಗಿ ಕೂರುವ ಸೀಟುಗಳೇ ಗ್ರಾಹಕಗಳು. ಮಾತ್ರೆ ಅವುಗಳಿಗೆ ಟವೆಲ್ ಹಾಕುತ್ತದೆ. ಎಷ್ಟು ಸೀಟಿಗೆ? ಬಹುಕಾಲ ಗ್ರಾಹಕಗಳನ್ನು ಸತ್ತವರ ಮಿದುಳಿನಲ್ಲೇ ಹುಡುಕಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮಿದುಳು ಬ್ಯಾಂಕಿನಂಥ ಕಡೆ, ದಾನವಾಗಿ ಬಂದ ಮಿದುಳುಗಳಿಂದ ಕಲಿಯುವುದು ಇಂದಿಗೂ ಬಹಳಷ್ಟಿದೆ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಗ್ರಾಹಕಗಳ ಸಂಖ್ಯೆಯೇ ಏರಿರಬಹುದು. ರೋಗದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು?

1983ರ ಮೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯ ಹೆನ್ರಿ ವ್ಯಾಗ್ನರ್ ಯಂತ್ರದೊಳಗೆ ತಾವೇ ತಲೆಯಿಟ್ಟು ಮಲಗಿದರು. ಆಗ ಅವರಿಗೆ 56 ವರ್ಷ. ಗ್ರಾಹಕಗಳಿಗೆ ಅಂಟುವ ವಸ್ತುವೊಂದಕ್ಕೆ ವಿಕಿರಣಶೀಲ ಕಾರ್ಬನ್-11 ಜೋಡಿಸಿ, ತೀರ ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಲಾಗಿತ್ತು. ಈ ಕಾರ್ಬನ್ ಸುಮಾರು 20 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ತಯಾರಾದದ್ದನ್ನು ಓಡೋಡಿ ತಂದು ಚುಚ್ಚಬೇಕು. ಅದು ಹೊರಡಿಸುವ ಪಾಸಿಟ್ರಾನ್ ಅಲ್ಲೇ ಸಿಕ್ಕ ಇಲೆಕ್ಟ್ರಾನಿಗೆ ತಗುಲಿ ಎರಡೂ ಇಲ್ಲವಾದಾಗ, ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ತಲೆಯ ಸುತ್ತ ಬಳೆಯಂತಿರುವ ಯಂತ್ರ ಅವನ್ನು ಹಿಡಿಯುತ್ತದೆ. ಅವು ಹೊರಟ ಜಾಗವನ್ನು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಬದುಕಿರುವ ಮನುಷ್ಯನ ಡೋಪಮಿನ್ ಗ್ರಾಹಕಗಳು ಹೀಗೆ ಮೊದಲ ಬಾರಿಗೆ ಚಿತ್ರದಲ್ಲಿ ಕಂಡವು.

ಬಳಿಕ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಸಂಗಡಿಗರು ಮಾತ್ರೆ ಸೇವಿಸುತ್ತಿದ್ದ ರೋಗಿಗಳನ್ನೇ ಇಂಥ ಯಂತ್ರದಲ್ಲಿ ನೋಡಿದರು. ಈ ಬಗೆಯ ಅಧ್ಯಯನಗಳಿಂದ ತಿಳಿದದ್ದಿಷ್ಟು: ಹೆಚ್ಚಿನ ಔಷಧಗಳು ಡಿ-2 ಎಂಬ ಗ್ರಾಹಕಗಳಲ್ಲಿ ನೂರಕ್ಕೆ 65ರಿಂದ 80ನ್ನು ಹಿಡಿದರೆ ಗುಣ ಕಾಣುತ್ತದೆ. 80 ದಾಟಿದರೆ ಗುಣ ಅಷ್ಟಾಗಿ ಹೆಚ್ಚುವುದಿಲ್ಲ; ಕೈ ನಡುಕ, ಬಿಗಿದ ಮುಖ, ಕಾಲೆಳೆದು ನಡೆಯುವುದು ಹೆಚ್ಚುತ್ತವೆ. ಹಾಲೊಪೆರಿಡಾಲ್ ಎಂಬ ಹಳೆಯ ಮಾತ್ರೆ ಹಲವರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಕಾಗಬಹುದೆಂದು 1990ರ ದಶಕದಲ್ಲಿ ಕೆನಡಾದ ಅಧ್ಯಯನವೊಂದು ಸೂಚಿಸಿತು. ಅದಕ್ಕೂ ಮುಂಚೆ ಅದರ ಹಲವು ಪಟ್ಟು ನುಂಗಿಸುವುದು ವಾಡಿಕೆಯಾಗಿತ್ತು. ನಡುಗುವ ಮಗನನ್ನು ಕಂಡು ‘ಕಾಯಿಲೆ ಜೋರಾಯ್ತು’ ಎಂದು ಕಣ್ಣೀರಿಟ್ಟ ತಾಯಂದಿರೆಷ್ಟೋ! ಹಾಗೆಂದು ಮನೆಯಲ್ಲೇ ಮಾತ್ರೆ ಮುರಿದು ಕೊಡುವುದು ಅಪಾಯ. ನಡುಕದ ಮಾತನ್ನು ವೈದ್ಯರ ಮುಂದೆ ಎತ್ತಬೇಕು. ಅದಕ್ಕಾಗಿ ಪ್ರತಿ ರೋಗಿಯ ಮಿದುಳಿನ ಚಿತ್ರ ತೆಗೆಯಬೇಕಾಗಿಲ್ಲ.

ಈ ಲೆಕ್ಕಕ್ಕೆ ಬಗ್ಗದ ಔಷಧವೂ ಒಂದಿದೆ. ಕ್ಲೋಜಪಿನ್ ಸಾಮಾನ್ಯವಾಗಿ 65ಕ್ಕಿಂತ ಕಡಿಮೆ ಸೀಟುಗಳಿಗಷ್ಟೇ ಟವೆಲ್ ಹಾಕುತ್ತದೆ. ಆದರೂ ಬೇರೆ ಮಾತ್ರೆಗಳು ಸೋತ ಹಲವು ರೋಗಿಗಳಲ್ಲಿ ಕೆಲಸ ಮಾಡುವುದು ಅದೇ.