ಶಿಕ್ಷಕರಾಗುವವರಿಗೂ ಒಂದು ಕೃತಿಸಂಪುಟ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಪ್ರತಿ ಮಗುವಿಗೂ ಕೃತಿಸಂಪುಟ ಇರಬೇಕೆಂದು ನಾವು ಓದುತ್ತೇವೆ. ಮಗುವಿನ ಕಲಿಕೆ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಅದು ತೋರಿಸುತ್ತದೆ. ಕೆಲಸ ಹುಡುಕುವ ಪ್ರಶಿಕ್ಷಣಾರ್ಥಿಗೂ ಇಂಥದ್ದೇ ಒಂದು ಸಂಪುಟ ಬೇಕು. ಅದನ್ನು ಅಂತರ್ಜಾಲದಲ್ಲಿ ಇಟ್ಟರೆ, ತಿಂಥಣಿಯಲ್ಲಿ ಕುಳಿತೇ ಕಲಬುರಗಿಯ ಅಥವಾ ಬೆಂಗಳೂರಿನ ಶಾಲೆಗೆ ಒಂದು ಲಿಂಕ್ ಕಳಿಸಬಹುದು.

ಇದರ ಮಿತಿಯನ್ನು ಮೊದಲೇ ತಿಳಿದಿರಬೇಕು. ಸರ್ಕಾರಿ ನೇಮಕಾತಿಯಲ್ಲಿ ಅರ್ಹತೆ, ಪರೀಕ್ಷೆಯ ಅಂಕ, ಮೀಸಲಾತಿ ಇವೇ ನಿರ್ಣಾಯಕ; ಕೃತಿಸಂಪುಟಕ್ಕೆ ಅಲ್ಲಿ ಅಂಕವಿಲ್ಲ. ಖಾಸಗಿ ಶಾಲೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಂದರ್ಶನ ಮಾಡುವವರಿಗೆ ನಾವು ತರಗತಿಯಲ್ಲಿ ಹೇಗಿರುತ್ತೇವೆ ಎಂಬುದು ಬೇಕು. ಅಂಕಪಟ್ಟಿ ಅದನ್ನು ಹೇಳುವುದಿಲ್ಲ.

ಹಾಗಾದರೆ ಏನನ್ನು ಹಾಕಬೇಕು? ನನ್ನ ಮೊದಲ ಕರಡಿನಲ್ಲಿ ಪ್ರಮಾಣಪತ್ರಗಳೇ ತುಂಬಿದ್ದವು. ಈಗ ಅದರ ಮೊದಲ ಪುಟದಲ್ಲಿ ಸೋತ ಪಾಠವೊಂದಿದೆ. ಎಂಟನೇ ತರಗತಿಗೆ ದ್ರವದ ಒತ್ತಡ ಕಲಿಸಲು ಬಾಟಲಿಗೆ ಕಾಸಿದ ಮೊಳೆಯಿಂದ ಮೂರು ಎತ್ತರದಲ್ಲಿ ತೂತು ಮಾಡಿದ್ದೆ. ಕೆಳಗಿನ ತೂತಿನಿಂದ ನೀರು ಜೋರಾಗಿ ಚಿಮ್ಮಿತು. ‘ಕೆಳಗಿನ ತೂತು ದೊಡ್ಡದದರೀ, ಅದಕ್ಕ ಜೋರ್ ಬರ್ತದ’ ಎಂದ ಒಬ್ಬ ಹುಡುಗ. ನೋಡಿದರೆ ತೂತು ನಿಜವಾಗಿಯೂ ದೊಡ್ಡದಿತ್ತು. ಮರುದಿನ ಬೇರೆ ಬಾಟಲಿಗೆ ಒಂದೇ ಅಳತೆಯ ತೂತು ಮಾಡಿ ಪ್ರಯೋಗ ಮತ್ತೆ ಮಾಡಿದೆ. ನಾರಾಯಣಪುರದ ಅಣೆಕಟ್ಟಿನ ಗೋಡೆ ತಳದಲ್ಲಿ ಯಾಕೆ ದಪ್ಪ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಟ್ಟರು. ಎರಡೂ ಪಾಠಯೋಜನೆ, ನಡುವೆ ಅರ್ಧ ಪುಟದ ಅವಲೋಕನ: ಇಷ್ಟೇ ಆ ಪುಟ.

ತಯಾರಿಗೆ ಖರ್ಚಿಲ್ಲ. ಗೂಗಲ್ ಸೈಟ್ಸ್ ಉಚಿತ. ಪರಿಚಯ, ಮೂರು ಪಾಠಗಳು, ಕಲಿಕೋಪಕರಣಗಳ ಚಿತ್ರ, ಸಂಪರ್ಕದ ಇಮೇಲ್ ಇದ್ದರೆ ಸಾಕು. ಎರಡು ಎಚ್ಚರಿಕೆ ಮಾತ್ರ ಬೇಕು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಯುನಿಕೋಡ್ ಬಳಸಿ. ಡ್ರೈವ್‌ನಲ್ಲಿಟ್ಟ ಕಡತಕ್ಕೆ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಅನುಮತಿ ಕೊಡದಿದ್ದರೆ ಅದು ತೆರೆಯುವುದೇ ಇಲ್ಲ. ಕಳಿಸುವ ಮೊದಲು ಗೆಳೆಯರ ಮೊಬೈಲಿನಲ್ಲಿ ತೆರೆದು ನೋಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಮಕ್ಕಳ ಮುಖ. ಬೋಧನಾಭ್ಯಾಸದ ಫೋಟೋಗಳನ್ನು ಹಾಗೆಯೇ ಹಾಕುವ ರೂಢಿ ನಮ್ಮಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಆ ಮಕ್ಕಳು ನಮ್ಮ ಜಾಹೀರಾತಿಗಾಗಿ ಶಾಲೆಗೆ ಬಂದವರಲ್ಲ. ಕೈಗಳು, ಕಪ್ಪುಹಲಗೆ, ಹೆಸರು ಮರೆಮಾಡಿದ ಉತ್ತರಪತ್ರಿಕೆ ಇವೇ ಸಾಕು. ಮಗುವಿನ ಗೌರವ ಕಾಯುವ ಪುಟವನ್ನು ನೋಡಿದ ಮುಖ್ಯೋಪಾಧ್ಯಾಯರಿಗೆ ಶಿಕ್ಷಕರ ಬಗ್ಗೆ ಬೇರೆ ಶಿಫಾರಸು ಬೇಕಾಗಲಾರದು.

ಇಂದಿನ ಪಾಠದ ಅವಲೋಕನವನ್ನು ಇಂದೇ ಬರೆದಿಡಿ. ಸಂಪುಟ ಅಲ್ಲಿಂದಲೇ ಶುರುವಾಗುತ್ತದೆ.