ಪೂಜೆಗೆ ಮುಂಚೆ ಒಂದು ಕಾರು

2025ರ ಸೆಪ್ಟೆಂಬರ್ 22, ನವರಾತ್ರಿಯ ಪಾಡ್ಯ. ಹೊಸ ಜಿಎಸ್‌ಟಿ ದರ ಜಾರಿಗೆ ಬಂದದ್ದು ಅವತ್ತೇ. ಸಣ್ಣ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಗಿತ್ತು. ಕೋಲ್ಕತ್ತದ ಅಂಚಿನ ನ್ಯೂ ಟೌನಿನ ಷೋರೂಮುಗಳಲ್ಲಿ ಹುಡುಗರು ಏಣಿ ಹತ್ತಿ ಗಾಜಿನ ಮೇಲಿನ ಹಳೆ ಬೆಲೆ ಕೆರೆದು ಹೊಸ ಅಂಕಿ ಅಂಟಿಸುತ್ತಿದ್ದರು. ಅಂದು ರಾತ್ರಿಯೇ ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಕೋಲ್ಕತ್ತದ ಮೇಲೆ 250 ಮಿಲಿಮೀಟರಿಗೂ ಮಿಕ್ಕಿ ಸುರಿದಿತ್ತು. ರಸ್ತೆಯ ನೀರಿನಲ್ಲಿ ಕರೆಂಟು ತಗುಲಿ ಜನ ಸತ್ತರು. ಕಟ್ಟಿ ಮುಗಿಯದ ಪೂಜಾ ಪೆಂಡಾಲುಗಳ ಬಿದಿರು ನೀರಲ್ಲಿ ನಿಂತಿತು, ಕಾರುಗಳೂ ನಿಂತವು. ಕಾರಿನ ಬೆಲೆ ಇಳಿದ ದಿನವೇ ಊರಿನ ನೀರು ಏರಿತ್ತು.

ಹಾಗಾಗಿ ಆ ವಾರ ಕಾರು ಕೊಳ್ಳಲು ಹೊರಟವರ ಬಾಯಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದು ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಎಲ್ಲರೂ ಕೇಳುವುದು: ‘ಕೊತೊ ಮೈಲೇಜ್ ದ್ಯಾಯ್?’ ಇನ್ನೊಂದು ಈ ಊರಿನದೇ: ಎಷ್ಟು ನೀರಲ್ಲಿ ಹೋಗುತ್ತೆ?

ನಾನೂ ಆ ಗುಂಪಿನಲ್ಲೇ ಇದ್ದೆ. ಕೆಎ ನಂಬರಿನ ಹಳೆ ಕಾರನ್ನು ಬೆಂಗಳೂರಲ್ಲೇ ಮಾರಿ ಬಂದವನಿಗೆ ಇಲ್ಲೊಂದು ಬೇಕಾಗಿತ್ತು. ಜೊತೆಗೆ ತೀರ್ಥಹಳ್ಳಿಯಿಂದ ಬಂದಿದ್ದ ಭಾವ. ಅಡಿಕೆ ತೋಟದವರು. ಮನೆಯಲ್ಲಿ ಒಂದು ಬೊಲೆರೊ ಪಿಕಪ್ ಇದೆ. ಗೊಬ್ಬರ, ಹಾಳೆ, ಕೆಲಸದಾಳು, ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿಗೆ ಹೋಗುವ ಮೂಟೆ ಎಲ್ಲಕ್ಕೂ ಅದೇ. ವಾಹನದ ವಿಷಯದಲ್ಲಿ ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ.

ನೀರಿಳಿದ ಮೇಲೆ ನ್ಯೂ ಟೌನ್ ಮತ್ತೆ ತನ್ನ ಠೀವಿಗೆ ಮರಳಿತ್ತು. ಗದ್ದೆ, ಮೀನುಹೊಂಡಗಳ ರಾಜರ್‌ಹಾಟ್ ಸೀಮೆಯಲ್ಲಿ ಎದ್ದ ಊರು ಇದು. ಕಟ್ಟಿಸಿದ ಸರ್ಕಾರಿ ಸಂಸ್ಥೆ ಹಿಡ್ಕೊ ಹುಟ್ಟಿದ್ದೇ 1999ರಲ್ಲಿ. ರಸ್ತೆಗಳು ಹಳೆ ಕೋಲ್ಕತ್ತದವರು ಹೊಟ್ಟೆ ಉರಿದುಕೊಳ್ಳುವಷ್ಟು ಅಗಲ. ನಡುವೆ ಮೆಟ್ರೊ ಕಂಬಗಳ ಸಾಲು, ನಾರ್ಕೆಲ್ ಬಾಗಾನ್ ವೃತ್ತದ ಮೇಲೆ ವಿಶ್ವ ಬಾಂಗ್ಲಾ ಗೇಟಿನ ಕಮಾನು, ಅದರ ಕೆಳಗೆ ಯಾವ ಲೇನಿಗೂ ಸೇರದ ಟೋಟೋ ರಿಕ್ಷಾಗಳು. ಇಷ್ಟು ರಸ್ತೆ ಕಂಡರೆ ದೊಡ್ಡ ಗಾಡಿ ತೆಗೆದುಕೊಳ್ಳಬೇಕೆಂಬ ಆಸೆ ತಾನಾಗಿ ಹುಟ್ಟುತ್ತದೆ. ರಸ್ತೆ ತೋರಿಸುವ ಈ ಆಸೆಗೆ ಪಾರ್ಕಿಂಗ್ ಜಾಗದ ಒಪ್ಪಿಗೆ ಇರುವುದಿಲ್ಲ, ಅದು ಬೇರೆ ಮಾತು.

ಷೋರೂಮಿನೊಳಗೆ ಹೊಸ ರಬ್ಬರಿನ ವಾಸನೆ, ಜೊತೆಗೆ ಸುಗಂಧರಾಜ ಹೂವಿನದು. ಡೆಲಿವರಿ ಕೊಡುವ ಮೂಲೆಯಲ್ಲಿ ಒಂದಾದ ಮೇಲೊಂದು ಸಂಸಾರ ಸರದಿಯಲ್ಲಿ ನಿಂತಿತ್ತು. ಕೆಂಪು ಸ್ಯಾಟಿನ್ ಬಟ್ಟೆ ಹೊದ್ದ ಬಿಳಿ ಕಾರು, ರಟ್ಟಿನಲ್ಲಿ ಮಾಡಿದ ಮೊಳದುದ್ದದ ಕೀಲಿ, ಫೋಟೊ ತೆಗೆಯುವ ಹುಡುಗ. ಬಟ್ಟೆ ಎಳೆಯುತ್ತಿದ್ದಂತೆ ಅಂಚಿನ ಕಾಟನ್ ಸೀರೆಯ ಅಜ್ಜಿಯೊಬ್ಬರು ಮುಂದೆ ಬಂದು ಬಾನೆಟ್ಟಿನ ಮೇಲೆ ಸಿಂಧೂರದಲ್ಲಿ ಸ್ವಸ್ತಿಕ ಬರೆದರು. ಬೆರಳು ನಡುಗಿ ಒಂದು ಗೆರೆ ವಕ್ರವಾಯಿತು. ಮೊಮ್ಮಗ ಒರೆಸಲು ಹೋದಾಗ ಕೈ ತಳ್ಳಿ, ನಾಲಗೆ ಹೊರಳಿಸಿ ‘ಉಲು ಉಲು ಉಲು’ ಎಂದು ಧ್ವನಿ ತೆಗೆದರು. ಇಡೀ ಷೋರೂಮು ಒಂದು ಕ್ಷಣ ಮದುವೆ ಮನೆಯಾಯಿತು. ಅಕೌಂಟ್ಸಿನ ಹುಡುಗಿಯೂ ಕ್ಯಾಲ್ಕುಲೇಟರ್ ಬಿಟ್ಟು ಕೈ ಮುಗಿದಳು. ನಮ್ಮ ಕೈಗೂ ಒಂದೊಂದು ಸಂದೇಶ್ ಬಂತು.

‘ಬೋಶುನ್ ದಾದಾ’ ಎಂದು ಕೂರಿಸಿದ ಟೈ ಹುಡುಗ ಪೇಪರ್ ಕಪ್ಪಿನ ಟೀ ಇಟ್ಟ. ಬೆಲೆಗಿಂತ ಮೊದಲು ಅವನು ತೆಗೆದದ್ದು ವಿಮೆಯ ಕಾಗದ. ಮಳೆ ಬರುವವರೆಗೆ ಇದನ್ನು ಕೊನೆಗೆ ಹೇಳುತ್ತಿದ್ದನಂತೆ. ಗಾಳಿ ಹೀರುವ ಕೊಳವೆಯಿಂದ ನೀರು ಎಂಜಿನ್ನಿಗೆ ನುಗ್ಗಿದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ಗಾಡಿಯನ್ನು ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದರಂತೂ ಮುಗಿಯಿತು. ಮಾಮೂಲಿ ಪಾಲಿಸಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ಒಳ್ಳೆ ಸಲಹೆಯೇ. ಮಾರುವವನ ಲಾಭವೂ ಕೊಳ್ಳುವವನ ಲಾಭವೂ ಒಂದೇ ಸಾಲಿನಲ್ಲಿ ಕೂರುವುದು ಅಪರೂಪ.

ಮಿಕ್ಕ ಮಾತೆಲ್ಲ ನಾಲ್ಕು ಮೀಟರಿನ ಸುತ್ತ. ಭಾರತದ ಕಾರುಗಳ ಆಕಾರ ತಿದ್ದಿದ್ದು ವಿನ್ಯಾಸಕಾರರಿಗಿಂತ ಹೆಚ್ಚಾಗಿ ತೆರಿಗೆ ಇಲಾಖೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಉದ್ದದ ಗೆರೆ ಎಳೆದರು: ನಾಲ್ಕು ಸಾವಿರ ಮಿಲಿಮೀಟರಿನೊಳಗೆ, ಪೆಟ್ರೋಲಾದರೆ 1200 ಸಿಸಿ ಮೀರದಂತೆ. ಅಂದಿನಿಂದ ಸೆಡಾನುಗಳ ಬಾಲ ಮೊಂಡಾಯಿತು, ಎಸ್‌ಯುವಿಗಳು ಗೂನು ಬೆನ್ನಿನಲ್ಲಿ ಕುಳಿತವು. ಇಂದಿಗೂ ಗೆರೆಯ ಒಳಗಿದ್ದರೆ ಶೇ 18, ಒಂದೇ ಇಂಚು ಹೊರಗಿದ್ದರೆ 40. ಇಲ್ಲಿ ಸಾಲಾಗಿ ನಿಂತ ಕಾರುಗಳೆಲ್ಲ 3,990ರ ಆಸುಪಾಸಿನಲ್ಲಿ ಉಸಿರು ಬಿಗಿಹಿಡಿದಿದ್ದವು. ಭಾವ ಒಂದರ ಡಿಕ್ಕಿ ತೆಗೆದು ನೋಡಿ, ‘ಇದ್ರಲ್ಲಿ ಎಂತ ಹಿಡೀತದೆ ಮಾರಾಯ, ಎರಡು ಬಾಳೆಗೊನೆ?’ ಎಂದರು.

ಅವರ ಕಣ್ಣು ಆಗಲೇ ರಸ್ತೆಯಾಚೆಯ ಇನ್ನೊಂದು ಷೋರೂಮಿನ ಮೇಲಿತ್ತು. ಅಲ್ಲಿ ಗಾಜಿನ ಹಿಂದೆ ನಿಂತಿದ್ದದ್ದು ಟೊಯೊಟಾ ಹೈಲಕ್ಸ್. ‘ಕೊಳ್ಳೋದು ಬೇಡ, ನೋಡುವಾ’ ಎಂದು ಎಳೆದುಕೊಂಡು ಹೋದರು.

5.3 ಮೀಟರ್ ಉದ್ದ. ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ಕೈತೊಳೆದು ಮುಟ್ಟಬೇಕೆನಿಸುವ ತೊಟ್ಟಿ. 2022ರಲ್ಲಿ ಭಾರತಕ್ಕೆ ಬಂದಾಗ ಇದರ ಆರಂಭದ ಬೆಲೆಯೇ 33.99 ಲಕ್ಷ. ಜೋಡಿಸುವುದು ನಮ್ಮ ಬಿಡದಿಯಲ್ಲಿ ಎಂದು ಹೇಳಿದ್ದೇ ತಡ ಭಾವನಿಗೆ ಅದರ ಮೇಲೆ ಹಕ್ಕು ಬಂತು. ಟಯರಿಗೊಮ್ಮೆ ಒದ್ದು ನೋಡಿದರು, ಹಿಂದಿನ ಡಾಲಾ ಇಳಿಸಿ ಅದರ ಮೇಲೆ ಕುಳಿತರು. ಸೇಲ್ಸ್ ಹುಡುಗ ಇಂಗ್ಲಿಷಿನಲ್ಲಿ ಸಾಹಸ, ಬೆಟ್ಟ, ಕ್ಯಾಂಪಿಂಗ್ ಎಂದೆಲ್ಲ ಶುರು ಮಾಡಿದ. 700 ಮಿಲಿಮೀಟರ್ ನೀರಲ್ಲೂ ಹೋಗುತ್ತದೆ ಎಂದಾಗ ಮಾತ್ರ ಸುತ್ತಲಿನ ನಾಲ್ಕೈದು ಜನ ಹತ್ತಿರ ಸರಿದರು. ಆ ವಾರ ಕೋಲ್ಕತ್ತದಲ್ಲಿ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

‘ಎಷ್ಟು ಮೂಟೆ ಹಾಕ್ಬಹುದು ಕೇಳು.’

ಕೇಳಿದೆ. ಹುಡುಗ ಕೊಂಚ ತಡವರಿಸಿ ಮೊಬೈಲು ನೋಡಿದ. ತೊಟ್ಟಿಯಲ್ಲಿ ಸುಮಾರು ಅರ್ಧ ಟನ್. ‘ಆದರೆ ಸರ್, ಯಾರೂ ಇದರಲ್ಲಿ ಮಾಲು ಹಾಕೋದಿಲ್ಲ. ಸ್ಕ್ರ್ಯಾಚ್ ಆಗುತ್ತೆ.’

ಭಾವ ಡಾಲಾದಿಂದ ಇಳಿದರು. ‘ಗದ್ದೆಗೆ ಇಳೀದ ಎತ್ತು ಮಾರಾಯ ಇದು. ಕೊಂಬಿಗೆ ಬಣ್ಣ ಹಚ್ಚಿ ನಿಲ್ಸೋದಕ್ಕೆ ಚೆಂದ.’

ನನ್ನ ಅಭಿಪ್ರಾಯವೂ ಅದೇ, ಸ್ವಲ್ಪ ಕೆಟ್ಟ ಕಾರಣಗಳೂ ಸೇರಿ. ಎದುರಿಗೆ ನಿಂತರೆ ಈ ಗಾಡಿಗಳ ಮೂತಿ ದೊಡ್ಡವರ ಎದೆಗೆ ಬರುತ್ತದೆ. ಅಷ್ಟರಲ್ಲಿ ಯಾರದೋ ಮಗು ಅದರ ಮುಂದೆ ಓಡಾಡುತ್ತಿತ್ತು; ನಾನು ಡ್ರೈವರ್ ಸೀಟಿನಲ್ಲಿ ಕೂತಿದ್ದೆ, ಬಂಪರಿನ ಹತ್ತಿರ ಬಂದಾಗ ಅದರ ತಲೆಯ ರಿಬ್ಬನ್ನೂ ಕಾಣಲಿಲ್ಲ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿ ಹೇಳಿದೆ: ಮೂತಿಯ ಎತ್ತರ 40 ಇಂಚು ಮೀರಿದ ವಾಹನ ಡಿಕ್ಕಿ ಹೊಡೆದರೆ, ತಗ್ಗಿನ ಇಳಿಜಾರು ಮೂತಿಯದಕ್ಕಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ 45 ಹೆಚ್ಚು. ಅಲ್ಲಿ ಫೋರ್ಡ್ ಎಫ್ ಸರಣಿಯ ಪಿಕಪ್ಪು ನಾಲ್ಕು ದಶಕಗಳಿಂದ ಮಾರಾಟದ ಪಟ್ಟಿಯ ತುದಿಯಲ್ಲಿದೆ. ಅದರ ಬೆನ್ನಿಗೊಂದು ತಮಾಷೆಯ ಕತೆಯಿದೆ. ಯುರೋಪು ಅಮೆರಿಕದ ಕೋಳಿಗೆ ಸುಂಕ ಹಾಕಿತೆಂದು ಸಿಟ್ಟಾಗಿ ಅಮೆರಿಕ 1964ರಲ್ಲಿ ಹೊರಗಿನ ಸಣ್ಣ ಟ್ರಕ್ಕುಗಳಿಗೆ ಶೇ 25 ಸುಂಕ ಜಡಿಯಿತು. ಕೋಳಿ ಜಗಳ ಮುಗಿದರೂ ಸುಂಕ ಉಳಿಯಿತು. ಹೊರಗಿನ ಪೈಪೋಟಿ ಇಲ್ಲದೆ ಅಲ್ಲಿನ ಪಿಕಪ್ಪುಗಳು ಆರಾಮಾಗಿ ಕೊಬ್ಬಿದವು. ಅವರಿಗೆ ಅಷ್ಟು ಜಾಗವಾದರೂ ಇದೆ.

ಹೊರಗೆ ಬಂದಾಗ ನ್ಯೂ ಟೌನಿನ ನಿಜವಾದ ಪಿಕಪ್ಪು ಸರ್ವಿಸ್ ರಸ್ತೆಯಲ್ಲಿ ನಿಂತಿತ್ತು. ಟಾಟಾ ಏಸ್. ಇಲ್ಲಿ ಅದಕ್ಕೆ ‘ಛೋಟೋ ಹಾತಿ’ ಎಂದೇ ಹೆಸರು. ಅದಕ್ಕಿಂತ ಒಂದು ಸುತ್ತು ದೊಡ್ಡದು ಬಂದರೆ, ಯಾವ ಕಂಪನಿಯದೇ ಇರಲಿ, ‘ಮಟಡೋರ್’. 2005ರಲ್ಲಿ ಏಸ್ ಬಂದಾಗ 702 ಸಿಸಿಯ ಎರಡು ಸಿಲಿಂಡರ್, ಮುಕ್ಕಾಲು ಟನ್ ಭಾರ, ಬೆಲೆ ಎರಡೂಕಾಲು ಲಕ್ಷದಷ್ಟು. ಒಳಗೆ ಮಿಂಚುತ್ತಿದ್ದ ಆ ಗಾಡಿಗಿಂತ ಹೆಚ್ಚು ಹೊರುವ ಈ ಪುಟ್ಟದು ಅವತ್ತು ಪೆಂಡಾಲಿನ ಬಟ್ಟೆಯ ಥಾನು, ಕೇಬಲ್ ಸುರುಳಿ, ಎರಡು ಡೋಲು, ಮೇಲೆ ಅವನ್ನು ಬಾರಿಸುವ ಮೂವರು ಡಾಕಿಗಳನ್ನು ಹೊತ್ತಿತ್ತು. ಪೂಜೆಯ ದಿನಗಳಲ್ಲಿ ಮೂರ್ತಿ ಮಾಡುವವರ ಕೇರಿ ಕುಮಾರಟುಲಿಯಿಂದ ಸಣ್ಣಪುಟ್ಟ ಮೂರ್ತಿಗಳು ಬರುವುದೂ ಇದರಲ್ಲೇ: ದುರ್ಗೆ ರಸ್ತೆಗೆ ಬೆನ್ನು ಹಾಕಿ, ಮುಖಕ್ಕೆ ಪೇಪರ್ ಕಟ್ಟಿಸಿಕೊಂಡು. ಭಾವ ಡ್ರೈವರನ ಪಕ್ಕ ನಿಂತು, ಭಾಷೆ ಬಾರದಿದ್ದರೂ, ಲೀಫ್ ಸ್ಪ್ರಿಂಗ್ ತೋರಿಸಿ ಕೈಸನ್ನೆಯಲ್ಲಿ ಹತ್ತು ನಿಮಿಷ ಮಾತಾಡಿದರು. ಆ ಸಂಜೆ ಅವರು ಅಷ್ಟು ಖುಷಿಯಾಗಿದ್ದು ಅಲ್ಲೇ.

‘ಇಲ್ಲಿ ಕಾರು ಮಾಡೋದಿಲ್ವಾ?’ ದಾರಿಯಲ್ಲಿ ಕೇಳಿದರು. ಮಾಡುತ್ತಿದ್ದರು. ಹೂಗ್ಲಿಯಾಚೆಯ ಉತ್ತರಪಾಡಾದಲ್ಲಿ ದಶಕಗಟ್ಟಲೆ ಅಂಬಾಸಿಡರ್ ಹುಟ್ಟಿತು. 2014ರ ಮೇನಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ನ್ಯಾನೊ ಸಿಂಗೂರಿನಲ್ಲಿ ಹುಟ್ಟಬೇಕಿತ್ತು. ಜಮೀನಿನ ಹೋರಾಟದ ನಂತರ 2008ರ ಅಕ್ಟೋಬರ್ 3ರಂದು, ಪೂಜೆಗೆ ಕೆಲವೇ ದಿನ ಇರುವಾಗ, ರತನ್ ಟಾಟಾ ಬಂಗಾಳ ಬಿಡುವುದಾಗಿ ಘೋಷಿಸಿದರು. ಆಗ ಧಾರವಾಡದ ಹೆಸರೂ ಕೇಳಿಬಂದಿತ್ತು, ನಮ್ಮವರೂ ಆಸೆಪಟ್ಟರು; ಹೋದದ್ದು ಗುಜರಾತಿನ ಸಾಣಂದಕ್ಕೆ.

ಕಡೆಗೆ ತೀರ್ಮಾನ ಆದದ್ದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಟೇಪು ಹಿಡಿದು ಅಳೆದೆವು. ನನ್ನ ಪಾಲಿನ ಜಾಗ ಐದು ಮೀಟರ್ ಉದ್ದ, ಎರಡೂವರೆ ಅಗಲ, ಒಂದು ಮೂಲೆಯಲ್ಲಿ ಕಂಬ. ಆ ಪಿಕಪ್ಪು ತಂದಿದ್ದರೆ ಒಂದಡಿ ದಾರಿಗೇ ಚಾಚುತ್ತಿತ್ತು. ನಾಲ್ಕು ಮೀಟರಿನ ಗೂನುಬೆನ್ನಿನದೇ ಬುಕ್ ಆಯಿತು, ಎಂಜಿನ್ ಕವರ್ ಸಮೇತ. ನಾನು ದಶಮಿಗೆ ಕೊಡಿ ಎಂದೆ. ಹುಡುಗ ಬೆಚ್ಚಿದ. ಅವತ್ತು ಅವರಿಗೆ ತಾಯಿಯನ್ನು ನೀರಿಗೆ ಬಿಡುವ ದಿನ, ಷೋರೂಮಿನಲ್ಲಿ ಯಾರಿರುತ್ತಾರೆ? ‘ಪುಜೋರ್ ಆಗೇ ದಾದಾ’, ಪೂಜೆಗೆ ಮುಂಚೆಯೇ, ಎಂದು ಪಂಚಮಿಗೇ ಕೈಗೆ ಕೊಟ್ಟ.

ಆಯುಧಪೂಜೆ ಮಾತ್ರ ನಮ್ಮ ಲೆಕ್ಕದಲ್ಲೇ ಎಂದು ಭಾವ ಹಟ ಹಿಡಿದರು. ಬಂಗಾಳದ ಗಾಡಿಗಳು ವಿಶ್ವಕರ್ಮ ಪೂಜೆಯಂದು, ಸೆಪ್ಟೆಂಬರ್ ಮಧ್ಯದಲ್ಲೇ, ಹಾರ ಹಾಕಿಸಿಕೊಂಡು ಮುಗಿದಿದ್ದವು. ಮಹಾನವಮಿಯ ಬೆಳಿಗ್ಗೆ ಬೂದುಗುಂಬಳ ಹುಡುಕಲು ಹೊರಟಾಗ ಸಿಗಲಿಕ್ಕಿಲ್ಲ ಎಂದುಕೊಂಡಿದ್ದೆ. ಮಾರ್ಕೆಟ್ಟಿನಲ್ಲಿ ರಾಶಿಯೇ ಇತ್ತು. ಇಲ್ಲಿ ಅದು ಚಾಲ್‌ಕುಮಡೊ. ನವಮಿಯಂದು ದೇವಿಯ ಮುಂದೆ ಬಲಿ ಕೊಡಲು ಕಬ್ಬಿನ ಜೊತೆ ಅದನ್ನೂ ಒಯ್ಯುತ್ತಾರೆ. ಮಾರುವವ ಒಂದನ್ನು ತಟ್ಟಿ ನೋಡಿ, ಯಾವ ಪೆಂಡಾಲು ಎಂದು ವಿಚಾರಿಸಿದ. ಕಾರಿಗೆ ಎಂದೆ. ತಕ್ಕಡಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿ, ಯಾವ ಕಾರು, ಎಷ್ಟು ಬಿತ್ತು, ಆನ್‌ರೋಡ್ ಎಷ್ಟು ಎಂದು ಶುರು ಮಾಡಿದವನು ಹಿಂದೆ ನಿಂತಿದ್ದ ಗಿರಾಕಿಗಳು ಗದ್ದಲ ಮಾಡುವವರೆಗೂ ಬಿಡಲಿಲ್ಲ.